ಕೂಳೆಯ ಚಿಗುರು

ಯುಗಾದಿ ಬಂತೆಂದರೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಹೊನ್ನಾರು ಹೂಡುವ ಸಂಪ್ರದಾಯವುಂಟು. ಮದ್ದೂರು ತಾಲ್ಲೂಕಿನ ಕೊಪ್ಪದ ಸುತ್ತಿನ ಊರುಗಳೂ ಇದಕ್ಕೆ ಹೊರತಲ್ಲ. ಎತ್ತುಗಳ ಮೈ ತೊಳೆದು, ನೇಗಿಲಿಗೆ ಪೂಜೆ ಸಲ್ಲಿಸಿ, ವರುಷದ ಮೊದಲ ಗೆರೆಯನ್ನು ಭೂಮಿಯಲ್ಲಿ ಎಳೆಯುತ್ತಾರೆ. ಆ ಗೆರೆಯನ್ನು ಯಾರ ಕೈಯಿಂದ ಎಳೆಸಬೇಕೆಂಬುದನ್ನೂ ಪಂಚಾಂಗ ನೋಡಿ ಗೊತ್ತುಮಾಡುವ ವಾಡಿಕೆಯಿದೆ. ಬೇವುಬೆಲ್ಲ ಮೆದ್ದು ಹೊಸ ವರುಷ ಹೊಸ ಬಾಳನ್ನು ತರಲೆಂದು ಹಾರೈಸುತ್ತೇವೆ. ಮರುದಿನ ಬೆಳಗಾದರೆ ಅದೇ ಸಾಲ, ಅದೇ ಜಗಳ, ಅದೇ ಆಲಸ್ಯ ನಮ್ಮ ಬಾಗಿಲಲ್ಲಿ ನಿಂತಿರುತ್ತವೆ. ಹಾಗಾದರೆ ಹೊಸದು ಬಂದದ್ದು ಎಲ್ಲಿಗೆ? ಕಾಲಕ್ಕೋ, ನಮಗೋ?

ತಿಥಿ, ವಾರ, ನಕ್ಷತ್ರಗಳ ಲೆಕ್ಕಾಚಾರಕ್ಕೆ ಬಸವಾದಿ ಶರಣರು ಮನ್ನಣೆ ಕೊಡಲಿಲ್ಲವೆಂಬುದು ಓದುಗರಿಗೆ ತಿಳಿಯದ ಸಂಗತಿಯಲ್ಲ. ಶಿವನನ್ನು ನೆನೆದ ಗಳಿಗೆಯೇ ಒಳ್ಳೆಯ ಗಳಿಗೆ ಎಂಬುದು ಅವರ ನಿಲುವು. ಇದನ್ನು ಒಪ್ಪಿದವರಿಗೆ ಯುಗಾದಿಯು ಅರ್ಥವಿಲ್ಲದ ಆಚರಣೆಯೆಂದು ತೋರಬಹುದು, ನನಗೆ ಹಾಗೆನ್ನಿಸದು. ದಿನವು ಬದುಕನ್ನು ಬದಲಿಸಲಾರದು, ಆದರೆ ಬದಲಿಸಿಕೊಳ್ಳಬೇಕೆಂಬುದನ್ನು ನೆನಪಿಸಬಲ್ಲದು. ಮಠದ ಪ್ರಸಾದ ನಿಲಯದಲ್ಲಿ ಬೆಳಗಿನ ಜಾವದ ಗಂಟೆಯು ನಮ್ಮನ್ನು ಎಬ್ಬಿಸುತ್ತಿತ್ತೇ ಹೊರತು ನಮಗಾಗಿ ಓದುತ್ತಿರಲಿಲ್ಲ. ಹಬ್ಬದ ದಿನವೂ ಅಂಥದೊಂದು ಗಂಟೆ.

ಎದ್ದವನು ಮಾಡಬೇಕಾದುದೇನು? ಇಲ್ಲಿ ನಿಜವಾದ ತೊಡಕು ಎದುರಾಗುತ್ತದೆ. ಹಳೆಯದನ್ನೆಲ್ಲ ಕಿತ್ತೊಗೆದು ಹೊಸದಾಗಿ ತೊಡಗುವುದೇ, ಅಥವಾ ಹಳೆಯದರ ಬೇರಿನಿಂದಲೇ ಹೊಸ ಬಾಳನ್ನು ಚಿಗುರಿಸುವುದೇ? ಇದಕ್ಕೆ ಉತ್ತರವನ್ನು ನಾನು ಗ್ರಂಥಗಳಿಗಿಂತ ಮೊದಲು ಕಬ್ಬಿನ ಗದ್ದೆಯಲ್ಲಿ ಕಂಡೆ. ಕಬ್ಬು ಬೆಳೆಯುವವರಿಗೆ ಎರಡು ಬಗೆಯ ಆರಂಭಗಳು ಗೊತ್ತು. ಎರಡು ಮೂರು ಕಣ್ಣುಗಳ ತುಂಡುಗಳನ್ನು ನೆಟ್ಟು ಹೊಸ ಬೆಳೆ ಎಬ್ಬಿಸುವುದು ಒಂದು. ಕಟಾವಾದ ಮೇಲೆ ನೆಲದಲ್ಲುಳಿದ ಬುಡವನ್ನೇ ಪೋಷಿಸಿ ಕೂಳೆ ಬೆಳೆ ತೆಗೆಯುವುದು ಇನ್ನೊಂದು. ಕೂಳೆಗೆ ಬಿತ್ತನೆಯ ಖರ್ಚಿಲ್ಲ. ಆದರೆ ಅದು ತಾನಾಗಿ ಬರುವ ಬೆಳೆಯೂ ಅಲ್ಲ. ಬುಡಗಳನ್ನು ನೆಲಮಟ್ಟಕ್ಕೆ ಸವರಬೇಕು, ಸಾಲಿನ ಮಗ್ಗುಲು ಬಗೆಯಬೇಕು, ಸತ್ತ ಬುಡಗಳ ಜಾಗದಲ್ಲಿ ಹೊಸ ಸಸಿ ತುಂಬಬೇಕು, ಗೊಬ್ಬರ ಕೊಡಬೇಕು. ಇನ್ನೂ ಒಂದು ಮಾತು: ಕೆಂಪು ಕೊಳೆ ರೋಗ ತಗುಲಿದ ಗದ್ದೆಯಲ್ಲಿ ಕೂಳೆ ಬಿಡಬಾರದು, ಬುಡಸಹಿತ ಅಗೆದು ತೆಗೆಯಲೇಬೇಕು.

ಮನುಷ್ಯನ ಬಾಳಿಗೂ ಈ ವಿವೇಕ ಸಲ್ಲುತ್ತದೆ. ಹಿರಿಯರಿಂದ ಬಂದ ದುಡಿಮೆ, ಮಾತಿನ ನಂಬಿಕೆ, ನೆರೆಹೊರೆಯ ನಂಟು ಇವು ಕೂಳೆ ಬಿಡಬೇಕಾದ ಬುಡಗಳು. ಮೇಲುಕೀಳಿನ ಭಾವನೆ, ಕುಡಿತ, ಮದುವೆಯ ಆಡಂಬರಕ್ಕಾಗಿ ಹೊಲ ಅಡವಿಡುವ ಚಾಳಿ ಇವು ರೋಗ ತಗುಲಿದ ಬುಡಗಳು. ನಾವಾದರೋ ಅನೇಕ ವೇಳೆ ತಿರುವುಮುರುವಾಗಿ ನಡೆಯುತ್ತೇವೆ: ನಂಟನ್ನು ಕಿತ್ತೊಗೆದು ಆಡಂಬರಕ್ಕೆ ನೀರೆರೆಯುತ್ತೇವೆ.

ಶರಣರಲ್ಲಿ ಕನ್ನದ ಮಾರಿತಂದೆಯೆಂಬುವರಿದ್ದರು. ಕನ್ನ ಹಾಕುತ್ತಿದ್ದ ಕಳ್ಳ ಶರಣನಾದ. ಅವನ ಹಳೆಯ ವೃತ್ತಿಯು ಹೆಸರಿನಲ್ಲೇ ಉಳಿಯಿತು. ಹೆಸರು ಬದಲಿಸಿ ಹಿಂದಿನದನ್ನು ಮರೆಮಾಡುವ ಅಗತ್ಯ ಆ ಸಮಾಜಕ್ಕೆ ಕಾಣಲಿಲ್ಲ. ಕಳವನ್ನು ಅಗೆದು ತೆಗೆದರು, ಮನುಷ್ಯನನ್ನು ಉಳಿಸಿಕೊಂಡರು. ಹೀಗೆ ಉಳಿಸಿಕೊಳ್ಳುವ ಬಳಗವೊಂದು ಇದ್ದುದರಿಂದಲೇ ಅವನ ಹೊಸ ಬಾಳು ನೆಲೆ ಕಂಡಿತೆಂಬುದನ್ನು ನಾವು ಮರೆಯಬಾರದು.

ಈ ಮಾತನ್ನು ನಾನು ತಡವಾಗಿ ಕಲಿತೆ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೊಂದು ಬಂದು ನಾಡನ್ನೇ ಕಲಕಿದುವು. ಆ ವರುಷ ಕೊಪ್ಪದ ಕಡೆಯ ನನ್ನ ಹಳೆಯ ಸಹಪಾಠಿಯೊಬ್ಬರು ಮನೆಗೆ ಬಂದರು. ಸಾಲದ ವಿಷಯ ಹೇಳಿಕೊಂಡರು. ನಾನು ಕಾಯಕದ ಮಹಿಮೆಯನ್ನು ಕುರಿತು ಅರ್ಧ ಗಂಟೆ ಮಾತನಾಡಿ, "ಆದದ್ದನ್ನು ಮರೆಯಿರಿ, ಹೊಸದಾಗಿ ಮೊದಲುಮಾಡಿ" ಎಂದೆ. ಅವರು ತಲೆ ತಗ್ಗಿಸಿ ಕೇಳಿ, ಕೊನೆಗೆ, "ಮೊದಲು ಮಾಡ್ತೀನಿ ಸ್ವಾಮಿ, ನೆಡೋಕೆ ಬಿತ್ತನೆ ಯಾರು ಕೊಡ್ತಾರೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಕೈಯಲ್ಲಿ ಸ್ವಲ್ಪ ಹಣವಿತ್ತು. ಅದನ್ನು ಕೊಡಬೇಕೆಂದು ಆ ಗಳಿಗೆಯಲ್ಲಿ ಹೊಳೆಯಲೂ ಇಲ್ಲ. ಮುಂದೆ ಅವರು ಎತ್ತು ಮಾರಿ ಬೆಂಗಳೂರಿಗೆ ಕಾವಲು ಕೆಲಸಕ್ಕೆ ಹೋದರೆಂದು ತಿಳಿಯಿತು. ಬದುಕಿದ್ದಾರೆಂಬುದು ನನ್ನ ಪುಣ್ಯ; ಅದರಲ್ಲಿ ನನ್ನ ಪಾಲೇನೂ ಇಲ್ಲ.

ಕಾಯಕವನ್ನು ಬೋಧಿಸಿ ದಾಸೋಹವನ್ನು ಮರೆತವನು ಅರ್ಧ ಧರ್ಮವನ್ನಷ್ಟೇ ಬೋಧಿಸಿದಂತೆ. ಶರಣರು ಇವೆರಡನ್ನೂ ಜೊತೆಯಾಗಿ ಹೇಳಿದ್ದು ಸುಮ್ಮನೆ ಅಲ್ಲ. ದುಡಿಯುವ ಸಂಕಲ್ಪ ಅವನದಾದರೆ, ದುಡಿಯಲು ಬೇಕಾದ ಆಸರೆ ಸಮಾಜದ್ದು. ಬುಡಕ್ಕೆ ಗೊಬ್ಬರ ಹಾಕದೆ ಚಿಗುರಿಲ್ಲವೆಂದು ಕೂಳೆಯನ್ನು ಬೈಯುವ ರೈತನನ್ನು ಯಾರೂ ಜಾಣನೆನ್ನರು.

ಪತ್ರಿಕೆಗಳನ್ನು ತೆರೆದರೆ ಹೊಸ ಆರಂಭಗಳಿಗೆ ಕೊರತೆಯಿಲ್ಲ. ನಿಂತುಹೋಗಿದ್ದ ಮಂಡ್ಯದ ಮೈಷುಗರ್ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಎಲ್ಲವೂ ಸಂತೋಷದ ಸಂಗತಿಗಳೇ. ಆದರೆ ಉದ್ಘಾಟನೆ ಬೇರೆ, ಆರಂಭ ಬೇರೆ. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವು ಹೇಳುತ್ತದೆ. ನಿಯಮ ಹುಟ್ಟಿ ಅರ್ಧ ಶತಮಾನ ಕಳೆದರೂ ಬಾಕಿ ಹಣಕ್ಕಾಗಿ ರೈತರು ಬೀದಿಗಿಳಿದುದನ್ನು ಕಂಡಿದ್ದೇವೆ. ಪಾಲಿಸದ ನಿಯಮವು ನೆಟ್ಟೂ ನೀರು ಹಾಯಿಸದ ತುಂಡಿನಂತೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ನೆಲದಲ್ಲಿದೆ. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಯಿತು. ಮುಗಿಯಲು ಎರಡು ದಶಕಗಳೇ ಬೇಕಾದುವು. ಅಡಿಗಲ್ಲಿಟ್ಟ ದಿನಕ್ಕಿಂತ, ಮಧ್ಯದ ಆ ಸಾವಿರಾರು ಸಾಮಾನ್ಯ ದಿನಗಳೇ ನಾಲೆಯ ನೀರನ್ನು ಮಂಡ್ಯದ ಗದ್ದೆಗಳಿಗೆ ತಂದುವು. ಆ ನೀರು ಬರಲೆಂದು ಮನೆಮಠ ಮುಳುಗಿಸಿಕೊಂಡ ಹಳ್ಳಿಗಳೂ ಇದ್ದುವು. ಒಬ್ಬರ ಹೊಸ ಬಾಳಿನ ಹಿಂದೆ ಮತ್ತೊಬ್ಬರ ತ್ಯಾಗವಿರುತ್ತದೆಂಬ ಅರಿವು, ನೀರಿಗಾಗಿ ಹೋರಾಡುವ ಹಕ್ಕಿನ ಜೊತೆಗೆ, ನೀರನ್ನು ಹಿತಮಿತವಾಗಿ ಬಳಸುವ ಹೊಣೆಯನ್ನೂ ನಮಗೆ ಕಲಿಸಬೇಕು. ಮೇಲಿನ ಗದ್ದೆಯವನು ತೂಬನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ, ನಾಲೆಯ ಕೊನೆಯವನ ಪೈರು ಒಣಗುತ್ತದೆ. ಧರ್ಮಾಧರ್ಮದ ವಿಚಾರವು ಇಷ್ಟು ಸಣ್ಣ ತೂಬಿನ ಬಾಯಲ್ಲೂ ಕುಳಿತಿರುತ್ತದೆ.

ಆದುದರಿಂದ ಹೊಸ ಬಾಳೆಂಬುದು ವರುಷಕ್ಕೊಮ್ಮೆ ಬರುವ ಅತಿಥಿಯಲ್ಲ. ಲಿಂಗಪೂಜೆಗೆ ಕುಳಿತ ಪ್ರತಿ ಮುಂಜಾನೆಯೂ ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳಬಹುದು: ನಿನ್ನೆಯಿಂದ ಉಳಿಸಿಕೊಳ್ಳಬೇಕಾದುದೇನು? ಅಗೆದು ತೆಗೆಯಬೇಕಾದುದೇನು? ನನ್ನ ಆಸರೆಯಿಲ್ಲದೆ ತೊಡಗಲಾರದವರು ಯಾರು? ಮೊದಲಿನ ಎರಡಕ್ಕೆ ಉತ್ತರ ನಮ್ಮ ಮನಸ್ಸಿನಲ್ಲಿದೆ. ಮೂರನೆಯದಕ್ಕೆ ಎದ್ದು ನೆರೆಮನೆಗೆ ಹೋಗಬೇಕು.

ಬರುವ ಯುಗಾದಿಯಂದು ನಮ್ಮ ಹೊಲದಲ್ಲಿ ಹೊನ್ನಾರು ಹೂಡುವ ಮುನ್ನ, ಊರಿನಲ್ಲಿ ಎತ್ತಿಲ್ಲದವರ ಹೊಲ ಯಾವುದೆಂದು ಕೇಳೋಣ. ಮೊದಲ ಗೆರೆಯನ್ನು ಅಲ್ಲಿ ಎಳೆಯೋಣ. ನನ್ನ ಸಹಪಾಠಿಗೆ ಅಂದು ಕೊಡದ ಉತ್ತರ ಇದೇ ಎಂದು ನನಗೆ ಈಗ ತೋರುತ್ತದೆ.