ಸಹಿ ಹಾಕುವ ಮುನ್ನ ಕೇಳುವ ಅಭ್ಯಾಸ

ಹರಿಹರದ ಎರಡು ತಲೆಮಾರು ಉಂಡದ್ದು ಮೈಸೂರು ಕಿರ್ಲೋಸ್ಕರ್ ಸಂಬಳದ ಅನ್ನ. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಪಕ್ಕದ ದಾವಣಗೆರೆಯ ಹತ್ತಿ ಗಿರಣಿಗಳ ಸೈರನ್ನೂ ಒಂದೊಂದಾಗಿ ನಿಂತಿತು. ತಿಂಗಳ ಸಂಬಳ ಶಾಶ್ವತವಲ್ಲ ಎಂದು ಈ ಊರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೂ ದುಡ್ಡಿನ ವಿಷಯದಲ್ಲಿ ನಮ್ಮನ್ನು ಹಿಂದಕ್ಕೆ ಎಳೆಯುವುದು ಸಂಕೋಚ. ತರಕಾರಿಗೆ ಐದು ರೂಪಾಯಿ ಚೌಕಾಸಿ ಮಾಡುವವರು, ಗುರುತಿನವರು ತಂದ ಪಾಲಿಸಿಗೆ ಓದದೆ ಸಹಿ ಹಾಕುತ್ತೇವೆ. 'ನಮ್ಮವರೇ ಅಲ್ವಾ, ಕೇಳಿದರೆ ಏನಂದುಕೊಳ್ತಾರೋ' ಎಂಬ ಮುಲಾಜು ಬಾಯಿ ಕಟ್ಟುತ್ತದೆ.

ಈಗ ಜಿಲ್ಲಾ ಕೇಂದ್ರಗಳಲ್ಲೂ ಹಣಕಾಸು ಯೋಜನೆಯ ಕಚೇರಿಗಳಿವೆ. ಅಲ್ಲಿಗೆ ಹೋದರೆ ಮೊದಲು ಕೇಳಿ: 'ನಿಮಗೆ ದುಡ್ಡು ಎಲ್ಲಿಂದ ಬರುತ್ತದೆ?' ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2013ರ ನಿಯಮಗಳಡಿ ನೋಂದಾಯಿತ ಹೂಡಿಕೆ ಸಲಹೆಗಾರರು ನಮ್ಮಿಂದ ಶುಲ್ಕ ಪಡೆಯುತ್ತಾರೆ, ಸಲಹೆಗೆ ಕಮಿಷನ್ ಪಡೆಯುವಂತಿಲ್ಲ. ಮ್ಯೂಚುವಲ್ ಫಂಡ್ ವಿತರಕರಿಗೆ ಕಮಿಷನ್ ಕೊಡುವುದು ಫಂಡ್ ಕಂಪನಿ. ಎರಡೂ ಕಾನೂನುಬದ್ಧ ವೃತ್ತಿಗಳೇ. ಎದುರಿಗೆ ಕುಳಿತವರು ಯಾರೆಂದು ತಿಳಿದಿರಬೇಕು, ಅಷ್ಟೆ. ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ನೀವೇ ಪರಿಶೀಲಿಸಬಹುದು.

ಎರಡನೆಯ ಪ್ರಶ್ನೆ ವೆಚ್ಚದ್ದು. ಹತ್ತು ಲಕ್ಷ ರೂಪಾಯಿ ಶೇ 8ರಂತೆ ಬೆಳೆದರೆ 20 ವರ್ಷಕ್ಕೆ ಸುಮಾರು 46.6 ಲಕ್ಷ, ಶೇ 7ರಂತೆ ಬೆಳೆದರೆ 38.7 ಲಕ್ಷ. ವರ್ಷಕ್ಕೆ ಒಂದೇ ಒಂದು ಶೇಕಡಾ ವೆಚ್ಚ ಹೆಚ್ಚಾದರೆ ಎಂಟು ಲಕ್ಷದಷ್ಟು ಕೈತಪ್ಪುತ್ತದೆ.

ಮೂರನೆಯದು, 'ನಡುವೆ ಹಣ ಬೇಕಾದರೆ?' ಸಾರ್ವಜನಿಕ ಭವಿಷ್ಯ ನಿಧಿಯ (ಪಿಪಿಎಫ್) ಅವಧಿ 15 ವರ್ಷ. ಮಗಳ ಮದುವೆ ಮೂರು ವರ್ಷದಲ್ಲಿದ್ದರೆ ಆ ಹಣದ ಜಾಗ ಅದಲ್ಲ.

ಒಳ್ಳೆಯ ಸಲಹೆಗಾರರು ಹೂಡಿಕೆಯ ಮಾತಿಗೆ ಮುನ್ನ ಮನೆಯ ಲೆಕ್ಕ ಕೇಳುತ್ತಾರೆ: ಸಾಲವೆಷ್ಟು, ಆರು ತಿಂಗಳ ಖರ್ಚು ಕೈಯಲ್ಲಿದೆಯೇ, ದುಡಿಯುವವರಿಗೆ ಅವಧಿ ವಿಮೆ ಇದೆಯೇ, ಎಲ್ಲ ಖಾತೆಗೂ ನಾಮಿನಿ ಹೆಸರಿದೆಯೇ. ಇದಕ್ಕೆಲ್ಲ ಸಿರಿವಂತಿಕೆ ಬೇಕಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಉಳಿಸಿದ ಹಣದ ಭದ್ರತೆಯನ್ನೂ ನೋಡಿಕೊಳ್ಳಿ: ಬ್ಯಾಂಕ್ ಠೇವಣಿಗೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಬಡ್ಡಿಯೂ ಸೇರಿ ಐದು ಲಕ್ಷದವರೆಗೆ ಮಾತ್ರ ವಿಮೆಯ ರಕ್ಷಣೆ ಇದೆ. ಹಾಗಾಗಿ ನಿವೃತ್ತಿಯ ಗಂಟನ್ನೆಲ್ಲ ಒಂದೇ ಬ್ಯಾಂಕಿನಲ್ಲಿ ಇಡಬೇಡಿ.

ತಿಂಗಳಿಗೊಮ್ಮೆ ಗಂಡ, ಹೆಂಡತಿ, ಬೆಳೆದ ಮಕ್ಕಳು ಜೊತೆಗೆ ಕೂತು ಲೆಕ್ಕ ನೋಡಿ. ತಿಳಿಯದ್ದನ್ನು ಬರೆದಿಟ್ಟುಕೊಂಡು ಕೇಳಿ. ಪ್ರಶ್ನೆಗೆ ಮುಖ ಸಿಂಡರಿಸುವವರ ಕೈಗೆ ಬೆವರಿನ ದುಡ್ಡು ಕೊಡಬೇಡಿ. ಕೇಳುವುದು ಅವಮರ್ಯಾದೆಯಲ್ಲ, ದುಡಿದವರ ಹಕ್ಕು.