ನೂಲು ಮತ್ತು ನಿಮಿತ್ತಕಾರಣ

ಕೊಳ್ಳುವುದು ಲೋಕದಲ್ಲಿ ಅತಿ ಸಾಮಾನ್ಯವಾದ ವ್ಯವಹಾರ. ಹಣವನ್ನು ಕೊಟ್ಟು ವಸ್ತುವನ್ನು ಕೈಗೆ ತೆಗೆದುಕೊಂಡ ಕ್ಷಣದಲ್ಲಿಯೇ ಕೊಂಡವನಿಗೂ ಮಾರಿದವನಿಗೂ ಇದ್ದ ಸಂಬಂಧ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಆ ವಸ್ತುವನ್ನು ಮಾಡಿದ ಮೂರನೆಯವರೊಬ್ಬರು ಇದ್ದೇ ಇರುತ್ತಾರಷ್ಟೆ. ಅವರು ಅಂಗಡಿಯಲ್ಲಿ ಕಾಣುವುದಿಲ್ಲ. ಬೆಲೆಯನ್ನು ಕುರಿತು ಮಾತನಾಡುವಾಗ ಅವರನ್ನು ಯಾರೂ ಕರೆಯುವುದಿಲ್ಲ. ಅವರಿಗೆ ಕೊಂಡವನಿಂದ ಸಲ್ಲಬೇಕಾದುದು ಏನಾದರೂ ಉಂಟೆ? ಬೆಲೆ ಸಂದಮೇಲೆಯೂ ಉಳಿಯುವ ಋಣವೆಂಬುದೊಂದು ಉಂಟೆ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ. ಇದಕ್ಕೆ ಉದಾಹರಣೆಯಾಗಿ ನಾನು ಆರಿಸಿಕೊಂಡಿರುವುದು ಐಸ್‌ಲೆಂಡಿನ ರಾಜಧಾನಿಯಾದ ರೇಕ್ಯಾವಿಕ್ ನಗರದ ಉಣ್ಣೆಯ ನೂಲಿನ ಅಂಗಡಿಗಳನ್ನು. ಮಗ ಸೊಸೆಯರೊಡನೆ ಅಲ್ಲಿ ಕೆಲವು ದಿನ ಇದ್ದಾಗ ಅವುಗಳನ್ನು ಬಿಡುವಾಗಿ ನೋಡುವ ಅವಕಾಶ ನನಗೆ ದೊರೆತಿತ್ತು.

ಆ ದೇಶ ಉತ್ತರ ಅಟ್ಲಾಂಟಿಕ್ ಸಾಗರದ ನಡುವಣ ಒಂದು ದ್ವೀಪ. ಮರಗಳು ವಿರಳ, ಗಾಳಿ ಮಳೆಗಳು ಯಥೇಚ್ಛ. ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾರ್ವೆಯ ಕಡೆಯಿಂದ ಬಂದು ನೆಲಸಿದವರು ತಮ್ಮೊಡನೆ ತಂದ ಕುರಿಗಳ ಸಂತಾನವೇ ಹೆಚ್ಚು ಬೆರಕೆಯಿಲ್ಲದೆ ಇಂದಿಗೂ ಅಲ್ಲಿ ಮೇಯುತ್ತಿದೆ. ಆ ಕುರಿಯ ಉಣ್ಣೆಗೆ ಎರಡು ಪದರ. ಹೊರಗಿನದು ನೀಳವಾದ ಒರಟು ಕೂದಲು. ಅದು ಮಳೆಯ ನೀರನ್ನು ಜಾರಿಸುತ್ತದೆ. ಒಳಗಿನದು ಮೃದುವಾದ ಸಣ್ಣ ಎಳೆ. ಅದು ಮೈಯ ಬಿಸಿಯನ್ನು ಕಾಪಾಡುತ್ತದೆ. ಈ ಎರಡನ್ನೂ ಕೂಡಿಸಿ ಮಾಡಿದ ನೂಲಿಗೆ ಅಲ್ಲಿಯವರು 'ಲೋಪಿ' ಎನ್ನುತ್ತಾರೆ. ಸಂಸ್ಕೃತವನ್ನೋದಿದವನ ಕಿವಿಗೆ ಆ ಹೆಸರು ಅಪಶಕುನದಂತೆ ಕೇಳಿಸಿದರೂ ವಸ್ತುವಿನಲ್ಲಿ ಲೋಪವೇನೂ ಇಲ್ಲ. ಅದರಲ್ಲೊಂದು ಬಗೆ ಹುರಿಮಾಡದ ಬರಿಯ ಎಳೆ. ಎರಡು ಬೆರಳುಗಳಿಂದ ಮೆಲ್ಲಗೆ ಜಗ್ಗಿದರೂ ಅದು ಹರಿದುಹೋಗುತ್ತದೆ. ಆದರೆ ಹೆಣೆದು ಅಂಗಿಯಾದಮೇಲೆ ವರ್ಷಗಟ್ಟಲೆ ಬಾಳುತ್ತದೆ.

ಅಂಗಡಿಯ ಗೋಡೆಗಳ ತುಂಬ ಈ ನೂಲಿನ ಉಂಡೆಗಳು. ಕುರಿಯ ಸಹಜವರ್ಣಗಳಾದ ಬಿಳಿ, ಬೂದಿ, ಕಂದು, ಕಪ್ಪು ಒಂದು ಕಡೆ. ಬಣ್ಣಹಾಕಿದವು ಮತ್ತೊಂದು ಕಡೆ. ಮಧ್ಯದಲ್ಲಿ ಕೈಯಿಂದ ಹೆಣೆದ ಅಂಗಿಗಳ ರಾಶಿ. ಕೊರಳ ಸುತ್ತಲೂ ವೃತ್ತಾಕಾರವಾಗಿ ಚಿತ್ರವುಳ್ಳ ಈ ಅಂಗಿಯ ಹೆಸರು 'ಲೋಪಪೇಯ್ಸ'. ಇದು ಸಾವಿರ ವರ್ಷಗಳ ಹಿಂದಿನದೆಂದು ಪ್ರವಾಸಿಗಳು ತಿಳಿಯುವುದುಂಟು. ಕುರಿ ಪುರಾತನವೇ ಹೌದು. ಅಂಗಿಯ ಈ ರೂಪವಾದರೋ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಹುಟ್ಟಿದ್ದು. ಹೆಣಿಗೆಯ ವಿದ್ಯೆಯೇ ಆ ದ್ವೀಪವನ್ನು ಮುಟ್ಟಿದ್ದು ಹದಿನಾರನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಅವರು ಕಲ್ಲುಗಳನ್ನು ಕಟ್ಟಿ ಹಾಸುನೂಲನ್ನು ಇಳಿಬಿಟ್ಟ ನಿಲುಮಗ್ಗದಲ್ಲಿ ನೇಯುತ್ತಿದ್ದರು.

ನೂಲಿನ ಉಂಡೆಯೂ ಅದೇ ನೂಲಿನ ಅಂಗಿಯೂ ಒಂದೇ ಕಡೆ ಎದುರೆದುರಾಗಿ ಇರುವುದನ್ನು ಕಂಡಾಗ ತರ್ಕಶಾಸ್ತ್ರವನ್ನೋದಿದವನಿಗೆ ಹಳೆಯ ಪಾಠ ನೆನಪಾಗದೆ ಇರದು. ಕಾರ್ಯಕಾರಣಗಳನ್ನು ವಿವರಿಸುವಾಗ ನೈಯಾಯಿಕರು ಎತ್ತುವ ಉದಾಹರಣೆಯೇ ತಂತು ಮತ್ತು ಪಟ, ಎಂದರೆ ನೂಲು ಮತ್ತು ಬಟ್ಟೆ. ಬಟ್ಟೆಗೆ ನೂಲುಗಳು ಸಮವಾಯಿಕಾರಣ. ನೂಲುಗಳ ಪರಸ್ಪರ ಸಂಯೋಗವು ಅಸಮವಾಯಿಕಾರಣ. ಮಗ್ಗ, ಲಾಳಿ, ನೇಯುವವನು ಮುಂತಾದುವು ನಿಮಿತ್ತಕಾರಣ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಮುಟ್ಟಿದ ಬಾಲಕನಿಗೂ ಇದು ತಿಳಿದದ್ದು. ಬಟ್ಟೆಯೆಂಬುದು ನೂಲುಗಳ ಗುಂಪಲ್ಲ, ನೂಲುಗಳಲ್ಲಿ ಹೊಸದಾಗಿ ಹುಟ್ಟಿದ ಬೇರೊಂದು ದ್ರವ್ಯ ಎಂಬುದು ಅವರ ಮತ. ಸಾಂಖ್ಯರು ಇದನ್ನೊಪ್ಪರು, ಬಟ್ಟೆ ನೂಲಿನಲ್ಲಿ ಅವ್ಯಕ್ತವಾಗಿ ಮೊದಲೇ ಇತ್ತೆಂದು ಅವರ ವಾದ. ಬೌದ್ಧರಾದರೋ ಅವಯವಗಳಿಗಿಂತ ಬೇರೆಯಾದ ಅವಯವಿಯೆಂಬುದೇ ಇಲ್ಲವೆನ್ನುತ್ತಾರೆ.

ಹೆಣಿಗೆಯ ಅಂಗಿಯಲ್ಲಿ ಈ ವಿಚಾರ ಇನ್ನೂ ಸ್ವಾರಸ್ಯವಾಗಿದೆ. ನೇಯ್ದ ಬಟ್ಟೆಯಲ್ಲಿ ಹಾಸು ಬೇರೆ, ಹೊಕ್ಕು ಬೇರೆ; ಅನೇಕ ನೂಲುಗಳು ಒಂದನ್ನೊಂದು ಹಾಯ್ದು ನಿಂತಿರುತ್ತವೆ. ಹೆಣಿಗೆಯಲ್ಲಿ ಒಂದೇ ಎಳೆಯು ಕುಣಿಕೆ ಕುಣಿಕೆಯಾಗಿ ತನ್ನೊಳಗೇ ತಾನು ತೂರಿಕೊಂಡು ಹೋಗುತ್ತದೆ. ಕೊನೆಯ ಕುಣಿಕೆಯನ್ನು ಬಿಚ್ಚಿ ಎಳೆದರೆ ಅಂಗಿಯು ಸಾಲುಸಾಲಾಗಿ ಕಳಚಿ ಮತ್ತೆ ಉಂಡೆಯಾಗುತ್ತದೆ. ನೂಲಿನಲ್ಲಿ ಏನೂ ನಷ್ಟವಾಗಲಿಲ್ಲ. ತೂಕಕ್ಕೆ ಹಾಕಿದರೆ ಅಷ್ಟೇ ಇದೆ. ಆದರೂ ಅಂಗಿ ಇಲ್ಲ. ಸಂಯೋಗ ನಾಶವಾದರೆ ಕಾರ್ಯವು ನಾಶವಾಗುತ್ತದೆಂಬ ತಾರ್ಕಿಕರ ಮಾತಿಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ. ಹೀಗಿರಲು, ಉಂಡೆಯ ಬೆಲೆಗೂ ಅಂಗಿಯ ಬೆಲೆಗೂ ಇರುವ ಅಂತರ ಯಾವುದರ ಬೆಲೆ? ಅಂಗಿಯಲ್ಲಿ ಇದ್ದು ಉಂಡೆಯಲ್ಲಿ ಇಲ್ಲದುದು ಆ ಸಂಯೋಗವೊಂದೇ. ಆ ಸಂಯೋಗವನ್ನು ಕುಣಿಕೆಗೊಂದರಂತೆ ಸಾವಿರಾರು ಸಲ ಉಂಟುಮಾಡಿದವು ಎರಡು ಕೈಗಳು. ಆದುದರಿಂದ ಆ ಅಂತರವು ನಿಮಿತ್ತಕಾರಣಕ್ಕೆ ಸಲ್ಲತಕ್ಕದ್ದು.

ಆದರೆ ನಿಮಿತ್ತಕಾರಣಕ್ಕೆ ಒಂದು ದುರ್ದೈವವಿದೆ. ಬಟ್ಟೆ ಇರುವವರೆಗೆ ನೂಲು ಇರಲೇಬೇಕು, ಸಂಯೋಗವೂ ಇರಲೇಬೇಕು, ನೇಯ್ದವನು ಇರಬೇಕಾದುದಿಲ್ಲ. ಕುಂಬಾರನು ಸತ್ತರೂ ಗಡಿಗೆ ಉಳಿಯುತ್ತದೆ. ಶಾಸ್ತ್ರದಲ್ಲಿ ಇದು ನಿರ್ದೋಷವಾದ ಲಕ್ಷಣ. ಲೋಕವು ಇದನ್ನೇ ಮರೆವಿಗೆ ನೆಪವಾಗಿ ಮಾಡಿಕೊಂಡಿದೆ. ಕೆಲಸ ಮುಗಿದಮೇಲೆ ಕೆಲಸಗಾರನು ಬೇಡವಾದುದರಿಂದ ಅವನು ಎಂದೂ ಇರಲಿಲ್ಲವೆಂಬಂತೆ ನಾವು ನಡೆದುಕೊಳ್ಳುತ್ತೇವೆ.

ಐಸ್‌ಲೆಂಡಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮಧ್ಯಯುಗದಲ್ಲಿ ಆ ದೇಶದಲ್ಲಿ ಬೆಳ್ಳಿ ಸಾಲದು. ಉಣ್ಣೆಯ ಬಟ್ಟೆಯೇ ಅಲ್ಲಿ ನಾಣ್ಯವಾಗಿತ್ತು. ಸುಂಕ, ದಂಡ, ಸಾಲ ಎಲ್ಲವನ್ನೂ ಮೊಳದ ಲೆಕ್ಕದಲ್ಲಿ ಎಣಿಸುತ್ತಿದ್ದರು. ಸಾಮಾನ್ಯವಾಗಿ ಒಂದು ಹಸುವಿಗೆ ೧೨೦ ಮೊಳದ ಬಟ್ಟೆ ಸಮವೆಂದು ಎಣಿಕೆ. ಆ ಬಟ್ಟೆಯನ್ನು ನೂತು ನೇಯ್ದವರು ಮನೆಯ ಹೆಂಗಸರು. ರಾಷ್ಟ್ರದ ಟಂಕಸಾಲೆಯೇ ಅವರ ಕೈಯಲ್ಲಿತ್ತೆಂದರೂ ತಪ್ಪಾಗದು. ಧರ್ಮಶಾಸನವು ಬಟ್ಟೆಯ ಉದ್ದಗಲಗಳನ್ನು ಗೊತ್ತುಮಾಡಿತು. ಕೈಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದಿನ ಶತಮಾನಗಳಲ್ಲಿ ಚಳಿಗಾಲದ ದೀರ್ಘರಾತ್ರಿಗಳಲ್ಲಿ ಹುಲ್ಲುಹೆಂಟೆಯ ಮನೆಯ ನಡುಕೋಣೆಯಲ್ಲಿ ಕುಟುಂಬದವರೆಲ್ಲರೂ ಕುಳಿತು ನೂಲುವರು, ಹೆಣೆಯುವರು. ಒಬ್ಬನು ಪೂರ್ವಿಕರ ಕಥೆಗಳನ್ನು ಗಟ್ಟಿಯಾಗಿ ಓದುವನು. ಅಲ್ಲಿ ಹೆಣೆದ ಕಾಲುಚೀಲ ಕೈಚೀಲಗಳು ಹಡಗುಗಳಲ್ಲಿ ವಿದೇಶಕ್ಕೆ ಹೋಗುತ್ತಿದ್ದವು. ಓದಿದ ಕಥೆಗಳು ಲೋಕಪ್ರಸಿದ್ಧವಾದವು. ಹೆಣೆದವರ ಹೆಸರುಗಳು ಉಳಿಯಲಿಲ್ಲ.

ಆ ಮರೆವಿಗೆ ಉತ್ತರ ಬಂದದ್ದು ನಮ್ಮ ಕಾಲದಲ್ಲಿ. ೧೯೭೫ನೆಯ ಅಕ್ಟೋಬರ್ ೨೪ರಂದು ಆ ದೇಶದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೯೦ ಮಂದಿ ಕಚೇರಿ ಕಾರ್ಖಾನೆಗಳ ಕೆಲಸವನ್ನೂ ಮನೆಗೆಲಸವನ್ನೂ ಒಟ್ಟಿಗೆ ನಿಲ್ಲಿಸಿದರು. ಒಂದೇ ದಿನ! ಎಷ್ಟೋ ಕಚೇರಿಗಳೂ ಪಾಠಶಾಲೆಗಳೂ ಮುಚ್ಚಿದವು. ತಂದೆಯರು ಮಕ್ಕಳನ್ನು ಕೆಲಸದ ಸ್ಥಳಕ್ಕೆ ಕರೆದೊಯ್ದರು. ನಿಮಿತ್ತಕಾರಣವು ಹಿಂದೆಗೆದರೆ ಕಾರ್ಯವು ಹುಟ್ಟುವುದಿಲ್ಲವೆಂಬುದು ಅಂದು ಇಡೀ ದೇಶಕ್ಕೆ ಪ್ರತ್ಯಕ್ಷವಾಯಿತು. ಎರಡು ವರ್ಷಗಳ ತರುವಾಯ, ೧೯೭೭ರಲ್ಲಿ, ಕೈಯಿಂದ ಹೆಣೆಯುವವರು ತಮ್ಮದೇ ಆದ ಒಂದು ಸಂಘವನ್ನು ಸ್ಥಾಪಿಸಿಕೊಂಡರು. ತಮ್ಮ ಕೆಲಸಕ್ಕೆ ತಕ್ಕ ಬೆಲೆ ದೊರೆಯಬೇಕು, ತಾವು ಹೆಣೆದುದನ್ನು ತಾವೇ ಮಾರಬೇಕು ಎಂಬುದು ಅವರ ಉದ್ದೇಶ. ಗುಡ್ಡದ ಮೇಲಿನ ದೊಡ್ಡ ಇಗರ್ಜಿಗೆ ಏರಿಹೋಗುವ ಬೀದಿಯಲ್ಲಿ ಆ ಸಂಘದ ಅಂಗಡಿಯನ್ನು ನಾನು ಕಂಡದ್ದು.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಒಪ್ಪಿದ ಬೆಲೆಯನ್ನು ಕೊಟ್ಟಮೇಲೆ ಋಣವೆಲ್ಲಿಯದು, ಹೆಣೆದವಳು ತಾನಾಗಿ ಒಪ್ಪಿದಳಲ್ಲವೆ ಎಂಬುದು ಮೊದಲನೆಯದು. ಒಪ್ಪಿದ್ದು ನಿಜ. ಆದರೆ ಏತಕ್ಕೆ ಒಪ್ಪಿದಳೆಂಬುದನ್ನೂ ಕೇಳಬೇಕು. ಮನೆಯಲ್ಲಿಯೇ ಕುಳಿತು ಮಾಡಬಹುದಾದ ಕೆಲಸ, ಬಿಡುವಿನ ಕೆಲಸ, ಇಷ್ಟಪಟ್ಟು ಮಾಡುವ ಕೆಲಸ ಎಂಬ ಕಾರಣಗಳಿಂದಲೇ ಅದಕ್ಕೆ ಕಡಿಮೆ ಕೊಡುವುದು ಲೋಕದ ವಾಡಿಕೆ. ಪ್ರೀತಿಯಿಂದ ಮಾಡಿದ್ದಕ್ಕೆ ಕೂಲಿ ಕಡಿಮೆಯಿರಬಹುದೆಂಬ ಈ ನ್ಯಾಯವನ್ನು ಉಪಾಧ್ಯಾಯವೃತ್ತಿಯಲ್ಲಿ ಇದ್ದವರೂ ಬಲ್ಲರು. ಪ್ರೀತಿಯು ಕೆಲಸದ ಗುಣವನ್ನು ಹೆಚ್ಚಿಸುತ್ತದೆ. ಹೆಚ್ಚಿದ ಗುಣಕ್ಕೆ ಬೆಲೆ ಇಳಿಯುವುದು ಯಾವ ತರ್ಕ?

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದದ್ದು. ಆ ದೇಶದ ಉಣ್ಣೆಯನ್ನೇ ಚೀನಾ ಮೊದಲಾದ ದೇಶಗಳಿಗೆ ಕಳುಹಿಸಿ ಅಲ್ಲಿ ಹೆಣೆಸಿ ತಂದ ಅಂಗಿಗಳು ರೇಕ್ಯಾವಿಕ್ಕಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದವು. ಇದರ ಮೇಲೆ ಆಕ್ಷೇಪವೆದ್ದು, ೨೦೨೦ರಲ್ಲಿ ಆ ಅಂಗಿಯ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು: ಉಣ್ಣೆ ಆ ದೇಶದ ಕುರಿಯದಾಗಿರಬೇಕು, ಹೆಣಿಗೆ ಕೈಯದಾಗಿರಬೇಕು, ಆ ನಾಡಿನೊಳಗೇ ನಡೆದಿರಬೇಕು. ಚೀನಾದ ಹೆಂಗಸಿಗೂ ಎರಡು ಕೈಗಳಿಲ್ಲವೆ, ಹೊಟ್ಟೆಯಿಲ್ಲವೆ, ಅವಳೂ ನಿಮಿತ್ತಕಾರಣವಲ್ಲವೆ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಅವಳು ಹೆಣೆದುದರಲ್ಲಿ ದೋಷವಿಲ್ಲ. ಅವಳು ಹೆಣೆದುದನ್ನು ಇನ್ನೊಬ್ಬಳು ಹೆಣೆದಳೆಂದು ಕೊಳ್ಳುವವನು ನಂಬುವಂತೆ ಮಾಡುವುದು ದೋಷ. ಅಲ್ಲಿ ಇಬ್ಬರಿಗೂ ಅನ್ಯಾಯ: ಒಬ್ಬಳ ಹೆಸರು ಅಡಗಿತು, ಇನ್ನೊಬ್ಬಳ ಹೆಸರು ದುರುಪಯೋಗವಾಯಿತು. ಆದುದರಿಂದ ಇಲ್ಲಿ ಕೆಟ್ಟದ್ದು ಸತ್ಯ; ದೇಶದ ಮಾತು ಆಮೇಲಿನದು.

ಇನ್ನು ನೂಲನ್ನೇ ಕೊಳ್ಳುವವರ ವಿಷಯ. ನನ್ನ ಸೊಸೆಗೆ ಹೆಣಿಗೆ ಬರುತ್ತದೆ. ಸಿದ್ಧವಾದ ಅಂಗಿಯನ್ನು ಬಿಟ್ಟು ಉಂಡೆಗಳನ್ನು ಆರಿಸುತ್ತಿದ್ದವಳನ್ನು, ಅಷ್ಟು ಶ್ರಮವೇಕೆಂದು ಕೇಳಿದೆ. "ಮಾವ, ಆ ಅಂಗಿಯ ಬೆಲೆ ಹೆಚ್ಚೆಂದು ನಿಮಗೆ ತೋರಿತಲ್ಲವೆ? ನನಗೆ ಕಡಿಮೆಯೆಂದು ತೋರುತ್ತದೆ. ಹೆಣೆದು ನೋಡಿದವರಿಗಲ್ಲದೆ ಅದು ತಿಳಿಯುವುದಿಲ್ಲ" ಎಂದಳು. ಈ ಮಾತಿನಲ್ಲಿ ಪ್ರಮಾಣವಿಚಾರವೇ ಅಡಗಿದೆ. ಅಂಗಿಯನ್ನು ನೋಡಿ ಹೆಣೆದವಳ ಶ್ರಮವನ್ನು ನಾವು ಊಹಿಸಬಹುದು, ಅದು ಅನುಮಾನ. ನೂಲನ್ನು ಕೊಂಡು ತಾನೇ ಹೆಣೆದರೆ ಅದು ಪ್ರತ್ಯಕ್ಷ. ಬೆರಳು ನೊಂದಾಗ, ಎಣಿಕೆ ತಪ್ಪಿ ನಾಲ್ಕು ಸಾಲು ಬಿಚ್ಚಬೇಕಾದಾಗ, ಅಪರಿಚಿತಳಾದ ಆ ಹೆಣೆಯುವವಳು ಅಪರಿಚಿತಳಾಗಿ ಉಳಿಯುವುದಿಲ್ಲ. ನೂಲಿನ ಅಂಗಡಿಯ ವಿಶೇಷ ಇದು: ಅದು ಕೊಳ್ಳುವವನನ್ನೇ ಕರ್ತೃವಾಗೆಂದು ಕರೆಯುತ್ತದೆ.

ಹಾಗೆಂದು ಅಲ್ಲಿಯೂ ಅಧರ್ಮಕ್ಕೆ ಎಡೆಯಿಲ್ಲದಿಲ್ಲ. ಊರೂರಿನ ನೂಲನ್ನು ಆಸೆಯಿಂದ ಕೊಂಡು ಪೆಟ್ಟಿಗೆ ತುಂಬುವವರುಂಟು. ಬಟ್ಟೆ ಹುಟ್ಟುವುದಕ್ಕೆ ಮೊದಲು ನೂಲಿನಲ್ಲಿರುವ ಅದರ ಅಭಾವಕ್ಕೆ ಪ್ರಾಗಭಾವವೆಂದು ಹೆಸರು; ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಇವರ ಪೆಟ್ಟಿಗೆಯಲ್ಲಿ ಅದಕ್ಕೆ ಅಂತ್ಯವೂ ಇಲ್ಲ! ಅಪರಿಗ್ರಹವನ್ನು ಪತಂಜಲಿಯು ಯಮಗಳಲ್ಲಿ ಸೇರಿಸಿದ್ದು ಸಂನ್ಯಾಸಿಗಳಿಗಾಗಿ ಮಾತ್ರವೇ ಇರಲಾರದು.

ಹೀಗೆ ವಿಚಾರಮಾಡಿದರೆ, ಬೆಲೆಯಿಂದ ತೀರದ ಒಂದು ಋಣ ಉಂಟೆಂದೇ ಸಿದ್ಧಾಂತ ಮಾಡಬೇಕಾಗುತ್ತದೆ. ಅದನ್ನು ತೀರಿಸುವ ದಾರಿ ಕಠಿನವಲ್ಲ. ಮಾಡಿದವರು ಯಾರೆಂದು ಕೇಳಿ ತಿಳಿಯಬೇಕು. ಅವರ ದುಡಿಮೆಯನ್ನು ಚೌಕಾಸಿಯಲ್ಲಿ ಕಡಿಯಬಾರದು. ಕೊಂಡುದನ್ನು ಸವೆಯುವವರೆಗೆ ಬಳಸಬೇಕು, ಹರಿದರೆ ಹೊಲಿಯಬೇಕು. ಆದರೆ ಇದನ್ನೆಲ್ಲ ಪರದೇಶದ ಅಂಗಡಿಯಲ್ಲಿ ಆಚರಿಸುವುದು ಸುಲಭ. ಅಲ್ಲಿ ಬೆಲೆಯ ಚೀಟಿ ಅಂಗಿಗೆ ಕಟ್ಟಿರುತ್ತದೆ. ನಮ್ಮ ಮನೆಗಳಲ್ಲಿ ಹಾಗಿಲ್ಲ. ಮೊಮ್ಮಗುವಿಗೆಂದು ತಿಂಗಳುಗಟ್ಟಲೆ ಕಣ್ಣುನೋಯಿಸಿಕೊಂಡು ಅಜ್ಜಿಯು ಹೆಣೆದ ಟೋಪಿಯನ್ನು ನಾವು 'ಹೊತ್ತುಹೋಗಲೆಂದು ಮಾಡಿದ್ದು' ಎನ್ನುತ್ತೇವೆ. ದಿನಕ್ಕೆ ಎರಡು ಹೊತ್ತು ಎಲೆಯ ಮೇಲೆ ಬೀಳುವ ಅನ್ನಕ್ಕೆ ಅಕ್ಕಿಯ ಬೆಲೆಯನ್ನು ಬಲ್ಲೆವು, ಸೌದೆಯ ಬದಲಿಗೆ ಬಂದ ಅನಿಲದ ಬೆಲೆಯನ್ನು ಬಲ್ಲೆವು. ಬೇಯಿಸಿದ ಕೈಯನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿಲ್ಲ. ಅದಕ್ಕೆ ಹಣದ ಲೆಕ್ಕ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಕೈ ನಿಂತಮೇಲೆ ಕಾರಣವನ್ನು ಹುಡುಕುವುದಕ್ಕಿಂತ, ಅದು ಆಡುತ್ತಿರುವಾಗಲೇ ಗುರುತಿಸುವುದು ಗೃಹಸ್ಥನಿಗೆ ತಕ್ಕ ಧರ್ಮವೆಂದು ಹೇಳುತ್ತಿದ್ದೇನೆ.