ಹೆಸರಿನ ಶುದ್ಧಾಶುದ್ಧ ವಿಚಾರ

ಹೆಸರಿನಲ್ಲಿ ತಪ್ಪೆಂಬುದುಂಟೆ? ಉಂಟಾದರೆ ಅದನ್ನು ತಿದ್ದುವ ಅಧಿಕಾರವು ಯಾರದು? ಈ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾಗಿ ಕಂಡೀತು. ಮೂವತ್ತೈದು ವರ್ಷಕಾಲ ಶಾಲೆಯ ದಾಖಲೆ ಪುಸ್ತಕದಲ್ಲಿ ಮಕ್ಕಳ ಹೆಸರುಗಳನ್ನು ಬರೆದ ನನಗೂ ಅದು ಬಹುದಿನ ಹಾಗೆಯೇ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ. ಒಂದೇ ಒಂದು ಹೆಸರನ್ನು ಮುಂದಿಟ್ಟುಕೊಂಡು ಈ ವಿಚಾರವನ್ನು ವಾಚಕರ ಸನ್ನಿಧಿಯಲ್ಲಿ ನಿವೇದಿಸಬೇಕೆಂದಿರುವೆನು. ಆ ಹೆಸರು ಭಾಗೀರಥಿ.

ಇಂದಿನ ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳಿಗೆ ಈ ಹೆಸರನ್ನಿಡುವುದು ಅಪೂರ್ವ. ನನ್ನ ಸೇವೆಯ ಕಡೆಯ ಹತ್ತು ವರ್ಷಗಳಲ್ಲಿ ಒಂದನೆಯ ತರಗತಿಗೆ ಸೇರಿದ ಯಾವ ಬಾಲಿಕೆಯ ಮುಂದೆಯೂ ಅದನ್ನು ಬರೆದ ನೆನಪಿಲ್ಲ. ಆದರೆ ನನ್ನ ಬಾಲ್ಯದಲ್ಲಿ ಓಣಿಗೊಬ್ಬ ಭಾಗೀರಥಿ ಇದ್ದಳೆಂದರೆ ಅತಿಶಯೋಕ್ತಿಯಾಗದು. ಮೈಸೂರಿನ ಕಡೆ ಭಾಗೀರಥಮ್ಮ, ನಮ್ಮ ಧಾರವಾಡದ ಕಡೆ ಭಾಗೀರಥಿಬಾಯಿ, ಒಕ್ಕಲುತನದ ಮನೆಗಳಲ್ಲಿ ಬಾಗೀರತೆವ್ವ, ಸಲಿಗೆಯಲ್ಲಿ ಭಾಗಿ, ಭಾಗಕ್ಕ, ಬಾಗವ್ವ. ಹೀಗೆ ಒಂದೇ ನದಿಯು ಊರೂರಿಗೆ ಬೇರೆ ಬೇರೆ ಕಾಲುವೆಯಾಗಿ ಹರಿದಂತೆ ಈ ಹೆಸರೂ ಹರಿದಿತ್ತು.

ಶಬ್ದಶಾಸ್ತ್ರದಲ್ಲಿ ಇದರ ರೂಪವು ನಿಶ್ಚಿತವಾದದ್ದು. ಭಗೀರಥ ಶಬ್ದಕ್ಕೆ ಅಣ್ ಪ್ರತ್ಯಯವು ಬಂದು, ಆದಿಸ್ವರಕ್ಕೆ ವೃದ್ಧಿಯಾಗಿ, ಸ್ತ್ರೀಲಿಂಗದಲ್ಲಿ ಙೀಪ್ ಸೇರಿ ಭಾಗೀರಥೀ ಎಂದಾಗುವುದು. ಸಗರನ ಅರವತ್ತು ಸಾವಿರ ಮಕ್ಕಳು ಕಪಿಲನ ಕೋಪದಿಂದ ಬೂದಿಯಾದ ಮೇಲೆ, ಅವರ ಸದ್ಗತಿಗಾಗಿ ತಪಸ್ಸು ಮಾಡಿ ಗಂಗೆಯನ್ನು ಭೂಮಿಗೆ ತಂದವನು ಭಗೀರಥನು. ಅವನಿಂದ ಬಂದವಳಾದುದರಿಂದ ಗಂಗೆಗೆ ಈ ಹೆಸರು. ಹಿಮಾಲಯದಲ್ಲಿ ಗೋಮುಖದಿಂದ ಇಳಿದು ಬರುವ ಪ್ರವಾಹಕ್ಕೆ ಇಂದಿಗೂ ಭಾಗೀರಥಿಯೆಂದೇ ಹೆಸರು. ದೇವಪ್ರಯಾಗದಲ್ಲಿ ಅಲಕನಂದೆಯೊಡನೆ ಕೂಡಿದ ಮೇಲೆಯೇ ಅದು ಗಂಗೆ ಎನಿಸಿಕೊಳ್ಳುತ್ತದೆ. ಮುಂದೆ ವಂಗದೇಶದಲ್ಲಿ ಅದರ ಒಂದು ಶಾಖೆಗೆ ಪುನಃ ಅದೇ ಹೆಸರು ಬರುತ್ತದೆ.

ಪಾಠಶಾಲೆಯಲ್ಲಿ ಈ ಪ್ರಕ್ರಿಯೆಯನ್ನು ಕಂಠಪಾಠ ಮಾಡಿದ ನನಗೆ, ಮಿಕ್ಕ ರೂಪಗಳೆಲ್ಲವೂ ಅಪಭ್ರಂಶಗಳು, ಅದು ಕಾರಣ ತಿದ್ದತಕ್ಕವು, ಎಂಬ ಬುದ್ಧಿಯು ಚಿಕ್ಕಂದಿನಲ್ಲಿಯೇ ನೆಲೆಗೊಂಡಿತು. ಅದರಿಂದ ನಡೆದ ಎರಡು ಸಂಗತಿಗಳನ್ನು ಮರೆಮಾಚದೆ ಹೇಳುವೆನು.

ನನ್ನ ತಂದೆಯವರ ಅಕ್ಕನಿಗೆ ಇದೇ ಹೆಸರಿತ್ತು. ನಾವು ಮಕ್ಕಳು ಭಾಗಿ ಅತ್ತೆ ಎನ್ನುತ್ತಿದ್ದೆವು. ಹನ್ನೆರಡನೆಯ ವರ್ಷದಲ್ಲಿ ವೈಧವ್ಯವನ್ನು ಕಂಡು ತವರಿಗೆ ಬಂದವಳು, ಆಯುಷ್ಯವನ್ನೆಲ್ಲ ಆ ಮನೆಯ ಒಲೆಯ ಮುಂದೆ ಸವೆಸಿದಳು. ಓದುಬರಹವಿರಲಿಲ್ಲ. ಯಾರೋ ಹೇಳಿಕೊಟ್ಟುದರಿಂದ ತನ್ನ ಹೆಸರನ್ನು ಮಾತ್ರ ಬರೆಯಲು ಕಲಿತಿದ್ದಳು. 1973ರಲ್ಲಿ ನಮ್ಮ ಮನೆಯ ವಾಟ್ಣಿಯಾಯಿತು. ಹಿರಿಯರು ಅವಳನ್ನು ಪಡಸಾಲೆಗೆ ಕರೆದು, ಒಂದು ಕಾಗದವನ್ನು ಮುಂದಿಟ್ಟು, ಇಲ್ಲಿ ಸಹಿ ಮಾಡು ಎಂದರು. ಅವಳು ಸೆರಗಿಗೆ ಕೈಯೊರಸಿಕೊಂಡು ಬಹು ನಿಧಾನವಾಗಿ ಬರೆದಳು. ಪಾಠಶಾಲೆಯಿಂದ ರಜೆಗೆ ಬಂದಿದ್ದ ಹದಿನಾಲ್ಕರ ಹುಡುಗನಾದ ನಾನು ಬಗ್ಗಿ ನೋಡಿದೆನು. ಭಾಗಿರಥಿ ಎಂದಿತ್ತು. "ಅತ್ತೀ, ಗೀ ದೀರ್ಘ ಆಗಬೇಕು" ಎಂದೆನು. ಎಲ್ಲರೂ ನಕ್ಕರು. ಅವಳೂ ನಕ್ಕಳು. "ಇರವಲ್ದ್ಯಾಕಪಾ, ಇಷ್ಟು ದಿನ ಇದ್ರಾಗ ನಡದೈತಿ" ಎಂದು ಒಳಗೆ ಹೋದಳು.

ಆ ಕಾಗದವು ಹಕ್ಕು ಬಿಟ್ಟ ಪತ್ರವೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, 1970ರಲ್ಲಿ ತೀರಿಕೊಂಡ ನಮ್ಮ ಅಜ್ಜನ ಪಾಲಿನಲ್ಲಿ ಮಗಳಾದ ಅವಳಿಗೂ ಅಂಶವಿತ್ತು. ಹುಟ್ಟಿನಿಂದಲೇ ಮಗಳು ಮಗನಂತೆ ದಾಯಾದಳೆಂಬ ವಿಧಿಯು ಕರ್ನಾಟಕದಲ್ಲಿ 1994ರಲ್ಲಿಯೂ, ಕೇಂದ್ರದ ಕಾಯಿದೆಯಲ್ಲಿ 2005ರಲ್ಲಿಯೂ ಬಂದಿತು. ಆದರೆ ಆ ದಿನ ಇದ್ದಷ್ಟು ಹಕ್ಕನ್ನಾದರೂ ಅವಳಿಗೆ ಯಾರೂ ಓದಿ ಹೇಳಲಿಲ್ಲ. ಸಂಸ್ಕೃತದಲ್ಲಿ ಭಾಗೀ ಎಂದರೆ ಪಾಲುಳ್ಳವನೆಂದು ಬಲ್ಲ ನಾನು, ಪಾಲಿಲ್ಲದೆ ಹೋಗುತ್ತಿದ್ದ ಭಾಗಿಯ ಮುಂದೆ ಕುಳಿತು ಹ್ರಸ್ವದೀರ್ಘಗಳನ್ನು ನೋಡುತ್ತಿದ್ದೆನು. ಹುಡುಗನಿಗೆ ಕಾಯಿದೆ ತಿಳಿಯದಿದ್ದುದು ತಪ್ಪಲ್ಲ. ಆದರೆ ಅಷ್ಟು ಜನರ ನಡುವೆ ಆ ಕಾಗದವನ್ನು ಪೂರ್ತಿ ಓದಬಲ್ಲ ಅವಳ ಕಡೆಯವನು ನಾನೊಬ್ಬನೇ ಆಗಿದ್ದೆನು. ಓದಿದ್ದು ಒಂದು ಅಕ್ಷರವನ್ನು ಮಾತ್ರ.

ಎರಡನೆಯ ಸಂಗತಿಯು 1984ರದು. ನಾನು ಹೊಸದಾಗಿ ಮಾಸ್ತರನಾಗಿ ಒಂದು ಹಳ್ಳಿಗೆ ಹೋಗಿದ್ದೆನು. ಒಬ್ಬ ರೈತನು ಮಗಳನ್ನು ಕರೆತಂದು, "ಬಾಗೀರತಿ ಅಂತ ಬರಕೋರಿ ಮಾಸ್ತರ, ನಮ್ಮವ್ವನ ಹೆಸರರಿ" ಎಂದನು. ನಾನು ಭಾಗೀರಥೀ ಎಂದು, ಕೊನೆಗೂ ದೀರ್ಘವನ್ನು ಕೊಟ್ಟು ಬರೆದೆನು. ಹುಡುಗಿಯು ಪಾಟಿಯ ಮೇಲೆ ಮನೆಯಲ್ಲಿ ಕರೆಯುವಂತೆಯೇ ಬಾಗೀರತಿ ಎಂದು ಬರೆಯುತ್ತಿದ್ದಳು. ನಾನು ಅಳಿಸಿ ಬರೆಯಿಸುತ್ತಿದ್ದೆನು. ಪುನಃ ಅದನ್ನೇ ಬರೆಯುವಳು. ಒಂದು ದಿನ ಅಂಗೈಗೆ ಎರಡು ಏಟು ಕೊಟ್ಟೆನು. ಅಂದಿನಿಂದ ಅವಳು ನನಗೆ ಬೇಕಾದಂತೆ ಬರೆದಳು; ವಿದ್ಯೆ ಬಂದಿತೆಂದು ನಾನು ಸಂತೋಷಪಟ್ಟೆನು. ನಾಲ್ಕನೆಯ ತರಗತಿಯ ಮೇಲೆ ಅವಳು ಶಾಲೆಗೆ ಬರಲಿಲ್ಲ.

ನಾನು ನಿವೃತ್ತನಾಗಿ ಎರಡು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಆಕೆ ನನ್ನ ಮನೆಯನ್ನು ಹುಡುಕಿಕೊಂಡು ಬಂದಳು. ಗಂಡ ತೀರಿಕೊಂಡಿದ್ದನು. ಅವನ ಹೊಲವನ್ನು ತನ್ನ ಹೆಸರಿಗೆ ವಾರಸಾ ಮಾಡಿಸಲು ಅಲೆಯುತ್ತಿದ್ದಳು. ಶಾಲೆಯ ದಾಖಲೆಯಲ್ಲಿ ಭಾಗೀರಥೀ, ಪಡಿತರ ಚೀಟಿಯಲ್ಲಿ ಬಾಗೀರತಿ, ಆಧಾರ್ ಚೀಟಿಯಲ್ಲಿ ಭಾಗಿರತಿ, ಬ್ಯಾಂಕಿನ ಪುಸ್ತಕದಲ್ಲಿ ಬಾಗವ್ವ. ಇವರು ನಾಲ್ವರು ಹೆಂಗಸರು, ಇವರಲ್ಲಿ ಹೆಂಡತಿ ಯಾರು ಎಂದು ಕೇಳಿದರಂತೆ. ಅವಳು ಕಾಗದಗಳನ್ನು ನನ್ನ ಮುಂದೆ ಹರವಿ, "ಮಾಸ್ತರ, ನಾ ಒಬ್ಬಾಕೀನ ಅಂತ ಬರದು ಕೊಡ್ರಿ" ಎಂದಳು. ನನ್ನನ್ನು ದೂರುವ ಭಾವವು ಅವಳ ಮುಖದಲ್ಲಿರಲಿಲ್ಲ. ಬರೆದುಕೊಟ್ಟೆನು, ಅವಳೊಡನೆ ವಕೀಲರಲ್ಲಿಗೂ ಕಛೇರಿಗೂ ಹೋಗಿ ಬಂದೆನು. ಕೆಲಸವು ಏಳು ತಿಂಗಳಿಗೆ ಮುಗಿಯಿತು. ನಾಲ್ಕು ರೂಪಗಳೂ ನನ್ನಿಂದಲೇ ಹುಟ್ಟಿದವಲ್ಲ. ಆದರೆ ತಂದೆಯು ಹೇಳಿದುದಕ್ಕೆ ಮೊಟ್ಟಮೊದಲು ಬೇರೊಂದನ್ನು ಬರೆದ ಕೈ ನನ್ನದೇ.

ಇನ್ನು ವಿಚಾರಕ್ಕೆ ಬರುವೆನು. ಪೂರ್ವಪಕ್ಷವು ದುರ್ಬಲವಾದುದಲ್ಲ. ಶುದ್ಧವಾದುದನ್ನು ಕಲಿಸುವುದು ಗುರುವಿನ ಧರ್ಮ. ಒಬ್ಬೊಬ್ಬರೂ ತಮಗೆ ತೋಚಿದಂತೆ ಬರೆಯತೊಡಗಿದರೆ ಬರಹಕ್ಕೆ ನೆಲೆಯೆಲ್ಲಿ? ತ್ವಷ್ಟೃವಿನ ಯಜ್ಞದಲ್ಲಿ ಇಂದ್ರಶತ್ರು ಎಂಬ ಮಾತಿನ ಸ್ವರವೊಂದು ತಪ್ಪಿದ್ದರಿಂದ, ಇಂದ್ರನನ್ನು ಕೊಲ್ಲಬೇಕಾಗಿದ್ದ ವೃತ್ರನು ಇಂದ್ರನಿಂದ ತಾನೇ ಹತನಾದನೆಂದು ವೈಯಾಕರಣರು ಎಚ್ಚರಿಕೆ ಹೇಳುತ್ತಾರೆ. ಗೌಃ ಎಂಬ ಒಂದು ಸಾಧುಶಬ್ದಕ್ಕೆ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಎಂದು ಅನೇಕ ಅಪಭ್ರಂಶಗಳಿರುವುದನ್ನು ಪತಂಜಲಿಯೇ ತೋರಿಸಿದ್ದಾನೆ. ತಿದ್ದದೆ ಬಿಟ್ಟರೆ ಆ ಹುಡುಗಿಯನ್ನು ಅಜ್ಞಾನದಲ್ಲಿಯೇ ಇಟ್ಟಂತಾಗುತ್ತಿರಲಿಲ್ಲವೆ? ನಾನು ಏಟು ಕೊಟ್ಟ ದಿನ ನನ್ನ ಮನಸ್ಸಿನಲ್ಲಿದ್ದ ವಾದವು ಇದೇ.

ಆದರೆ ಅದೇ ಮಹಾಭಾಷ್ಯದ ಅದೇ ಆಹ್ನಿಕದಲ್ಲಿ ಇನ್ನೊಂದು ಕಥೆಯಿದೆ. ನಾನು ಅದನ್ನು ಓದಿಯೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಯದ್ವಾ ನಃ, ತದ್ವಾ ನಃ ಎನ್ನಬೇಕಾದಲ್ಲಿ ಯರ್ವಾಣಃ, ತರ್ವಾಣಃ ಎನ್ನುತ್ತಿದ್ದ ಋಷಿಗಳಿದ್ದರಂತೆ. ಅವರು ಸಾಮಾನ್ಯರಲ್ಲ, ಧರ್ಮವನ್ನು ಪ್ರತ್ಯಕ್ಷವಾಗಿ ಕಂಡವರು. ಅವರು ಯಜ್ಞಕರ್ಮದಲ್ಲಿ ಮಾತ್ರ ಅಪಶಬ್ದವನ್ನಾಡುತ್ತಿರಲಿಲ್ಲ. ಲೋಕದ ಮಾತಿನಲ್ಲಿ ಆಡಿದುದು ಅವರಿಗೆ ದೋಷವಾಗಲಿಲ್ಲ. ಇಷ್ಟೇ ಅಲ್ಲ, ಅವರ ಹೆಸರೇ ಯರ್ವಾಣತರ್ವಾಣರೆಂದಾಯಿತು. ಹೀಗೆ ಋಷಿಗಳಿಗೇ ಹೆಸರಾಗಿ ನಿಂತ ಅಪಶಬ್ದವನ್ನು ಭಾಷ್ಯಕಾರನು ತಿದ್ದಲು ಹೋಗಲಿಲ್ಲ.

ಮತ್ತೊಂದು ಮಾತು. ಶಬ್ದಗಳ ಪ್ರವೃತ್ತಿಯು ನಾಲ್ಕು ವಿಧವೆಂದು ಭಾಷ್ಯವು ಹೇಳುತ್ತದೆ: ಜಾತಿ, ಗುಣ, ಕ್ರಿಯೆ, ಯದೃಚ್ಛೆ. ಡಿತ್ಥ, ಡವಿತ್ಥ ಎಂಬಂಥ ಹೆಸರುಗಳು ಕಡೆಯ ವರ್ಗದವು. ಗೋವು ಎಂಬ ಶಬ್ದಕ್ಕೆ ಲೋಕವೆಲ್ಲವೂ ಪ್ರಮಾಣ; ಯದೃಚ್ಛಾಶಬ್ದಕ್ಕೆ ಅದನ್ನಿಟ್ಟವನ ಇಚ್ಛೆಯೇ ಪ್ರಮಾಣ. ಭಾಗೀರಥೀ ಎಂಬುದು ನದಿಗೆ ಯೌಗಿಕವಾದ ಹೆಸರಾಗಬಹುದು. ಆ ರೈತನ ಮಗಳು ಭಗೀರಥನಿಂದ ಬಂದವಳಲ್ಲ. ಅವಳ ತಂದೆಯು ಇಟ್ಟ ಹೆಸರು ಅವನ ತಾಯಿಯದು, ಆ ತಾಯಿಯು ಬಾಗೀರತಿ. ನಾನು ತಿದ್ದಿದುದು ಶಬ್ದವನ್ನೆಂದು ಭಾವಿಸಿದೆನು. ಅಳಿಸಿದುದು ಒಬ್ಬ ಅಜ್ಜಿಯನ್ನು.

ಶಾಸ್ತ್ರವನ್ನೇ ಹಿಡಿದು ನಡೆಯುವೆನೆಂದರೂ ನನ್ನ ಪಕ್ಷವು ನಿಲ್ಲುವುದಿಲ್ಲ. ಹೆಣ್ಣಿನ ಹೆಸರು ಬೆಸಸಂಖ್ಯೆಯ ಅಕ್ಷರಗಳುಳ್ಳದ್ದೂ, ಆಕಾರಾಂತವೂ, ತದ್ಧಿತಾಂತವೂ ಆಗಿರತಕ್ಕದ್ದೆಂದು ಪಾರಸ್ಕರ ಗೃಹ್ಯಸೂತ್ರದ ವಿಧಿ. ಭಾಗೀರಥೀ ಎಂಬುದಕ್ಕೆ ಅಕ್ಷರಗಳು ನಾಲ್ಕು, ಅಂತ್ಯವು ಈಕಾರ. ಮೂರು ನಿಯಮಗಳಲ್ಲಿ ಎರಡನ್ನು ಪರಮಶುದ್ಧವಾದ ರೂಪವೇ ಮೀರಿರುತ್ತದೆ. ಮನುವು ಸ್ತ್ರೀನಾಮಕ್ಕೆ ಹೇಳುವ ಲಕ್ಷಣಗಳಲ್ಲಿ ಮೊದಲನೆಯದು ಸುಖವಾಗಿ ಉಚ್ಚರಿಸಲು ಬರಬೇಕೆಂಬುದು. ಒಂದೇ ಹೆಸರಿನಲ್ಲಿ ಎರಡು ಮಹಾಪ್ರಾಣಗಳನ್ನು ಹೊತ್ತ ನನ್ನ ರೂಪಕ್ಕಿಂತ, ಅವನ್ನು ಮೆತ್ತಗೆ ಇಳಿಸಿದ ರೈತನ ರೂಪವೇ ಈ ಲಕ್ಷಣಕ್ಕೆ ಹತ್ತಿರವಲ್ಲವೆ? ಕನ್ನಡದ ಶಾಸ್ತ್ರವೂ ಅವನ ಕಡೆಗೇ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವೆಂದು ಒಂದು ಪ್ರಕರಣವನ್ನೇ ಇಟ್ಟು, ಸಂಸ್ಕೃತದ ಮಾತುಗಳು ಕನ್ನಡಕ್ಕೆ ಬರುವ ಮಾರ್ಗಗಳನ್ನು ವಿಧಿಸಿದ್ದಾನೆ. ಮಹಾಪ್ರಾಣವು ಅಲ್ಪಪ್ರಾಣವಾಗುವುದೂ ಆ ಮಾರ್ಗಗಳಲ್ಲೊಂದು. ಅದೇ ಶತಮಾನದ ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಕಬ್ಬಿಗರ ಕಾವವೆಂಬ ಕಾವ್ಯವನ್ನೇ ರಚಿಸಿದನು. ನದೀ ಎಂಬುದು ಕನ್ನಡದಲ್ಲಿ ನದಿಯಾಗುವಂತೆ ಭಾಗೀರಥೀ ಎಂಬುದು ಭಾಗೀರಥಿಯಾಗಬೇಕು. ಹಾಗಿರುವಲ್ಲಿ ನಾನು ಕೊಟ್ಟ ಕೊನೆಯ ದೀರ್ಘವು ಕನ್ನಡವೇ ಅಲ್ಲ. ಏಟು ಯಾರ ಅಂಗೈಗೆ ಬೀಳಬೇಕಾಗಿತ್ತೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಜನಪದರು ಹೆಸರಿನ ಅರ್ಥವನ್ನು ಅರಿಯದೆ ಕೆಡಿಸಿದರೆಂಬ ಆಕ್ಷೇಪವೊಂದು ಉಳಿಯುತ್ತದೆ. ಇದಕ್ಕೆ ಉತ್ತರವು ಕೆರೆಗೆ ಹಾರ ಎಂಬ ಕಥನಗೀತೆಯಲ್ಲಿದೆ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ಹನಿ ನೀರೂ ಬರಲಿಲ್ಲ. ಮನೆಯ ಕಿರಿಯ ಸೊಸೆಯನ್ನು ಆಹುತಿ ಕೊಟ್ಟ ಮೇಲೆ ನೀರು ತುಂಬಿತು. ಆ ಸೊಸೆಯ ಹೆಸರು ಭಾಗೀರಥಿ. ಬೇರೆ ಯಾವ ಹೆಸರನ್ನಾದರೂ ಇಡಬಹುದಾಗಿತ್ತು. ಒಣಗಿದ ನೆಲಕ್ಕೆ ನೀರನ್ನು ತರುವವಳಿಗೆ ನೀರಿನ ಹೆಸರೇ ತಕ್ಕದ್ದೆಂದು ಅಣ್ ಪ್ರತ್ಯಯವನ್ನು ಕಲಿಯದ ಬೀಸುವ ಕಲ್ಲಿನ ಮುಂದಿನ ಹೆಂಗಸರು ಬಲ್ಲವರಾಗಿದ್ದರು. ಥಕಾರವು ಹೋದರೂ ಗಂಗೆಯು ಹೋಗಿರಲಿಲ್ಲ. ನನ್ನ ಅತ್ತೆಯೂ ಈ ಹಾಡನ್ನು ಹಾಡುತ್ತಿದ್ದಳು. ಹಿರಿಯರೆಲ್ಲ ಕೂಡಿ ನಿಶ್ಚಯಿಸಿದ ಮೇಲೆ ಕಿರಿಯ ಸೊಸೆಯನ್ನು ಯಾರೂ ಏನೂ ಕೇಳುವುದಿಲ್ಲ ಎಂಬ ಭಾಗಕ್ಕೆ ಬಂದಾಗ ಅವಳ ದನಿ ಬೇರೆಯಾಗುತ್ತಿತ್ತು. ಏಕೆಂಬುದು ಆಗ ನನಗೆ ತಿಳಿಯಲಿಲ್ಲ.

ಹಾಗಾದರೆ ಹೆಸರಿನಲ್ಲಿ ತಪ್ಪೇ ಇಲ್ಲವೆ? ಇದೆ. ಆಧಾರ್ ಚೀಟಿಯಲ್ಲಿ ಬಂದ ಭಾಗಿರತಿ ಎಂಬುದು ತಪ್ಪು. ಏಕೆಂದರೆ ಅದನ್ನು ತಂದೆಯೂ ಇಡಲಿಲ್ಲ, ಅವಳೂ ಬಯಸಲಿಲ್ಲ, ಬರೆಯುವ ಕೈಯ ಅವಸರದಿಂದ ಹುಟ್ಟಿತು. ಅದನ್ನು ತಿದ್ದತಕ್ಕದ್ದೇ. ನನ್ನ ಭಾಗೀರಥೀ ಎಂಬುದೂ ಅದೇ ಜಾತಿಯ ತಪ್ಪು. ಅದು ಅವಸರದಿಂದ ಹುಟ್ಟಲಿಲ್ಲ, ವಿದ್ಯೆಯಿಂದ ಹುಟ್ಟಿತು ಎಂಬಷ್ಟೇ ಭೇದ. ಅತ್ತೆಯು ತಾನಾಗಿ ಬರೆಯುತ್ತಿದ್ದ ಭಾಗಿರಥಿ ಎಂಬುದು ಮಾತ್ರ ತಪ್ಪಲ್ಲ, ಅದು ಅವಳ ಸಹಿ. ಹೆಸರಿಗೆ ಪ್ರಮಾಣವು ಮೊದಲು ಇಟ್ಟವರ ಮಾತು, ಬುದ್ಧಿ ಬಂದ ಮೇಲೆ ಹೊತ್ತವರ ಮಾತು. ನಾಳೆ ಒಬ್ಬ ಬಾಗೀರತಿಯು ತಾನಾಗಿ ಬಂದು, ನನ್ನ ಹೆಸರನ್ನು ಭಾಗೀರಥಿ ಎಂದು ಬರೆಯಿರಿ ಎಂದರೆ ಅದೇ ಶುದ್ಧರೂಪ. ಗುರುವು ಎರಡನ್ನೂ ಹಲಗೆಯ ಮೇಲೆ ಬರೆದು, ಇದು ಹೀಗೆ ಬಂದಿತು, ಇದು ಹೀಗೆ ಆಯಿತು ಎಂದು ಹೇಳಿಕೊಡಬಹುದು. ಅಷ್ಟರಿಂದ ವಿದ್ಯೆಗೆ ಕೊರತೆಯಾಗದು. ದಾಖಲೆ ಪುಸ್ತಕದಲ್ಲಿ ಬರೆಯುವ ಮೊದಲು ಮಾತ್ರ ಕೇಳಬೇಕು, ಬರೆದುದನ್ನು ಓದಿ ಹೇಳಬೇಕು.

ಓದಿ ಹೇಳುವುದೆಂಬ ಈ ಸಣ್ಣ ಧರ್ಮವನ್ನು ನಾನು ಎರಡು ಸಲ ತಪ್ಪಿದೆನು. ಇಂದಿಗೂ ಮಕ್ಕಳ ಹೆಸರನ್ನು ಬರೆಯುವ ಕಿರಿಯ ಮಾಸ್ತರರೂ, ಮನೆಯ ಹೆಣ್ಣುಮಕ್ಕಳ ಮುಂದೆ ಕಾಗದವನ್ನಿಡುವ ಗೃಹಸ್ಥರೂ ಈ ಪತ್ರಿಕೆಯನ್ನು ಓದುವವರಲ್ಲಿ ಇದ್ದಾರು. ಅವರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ.